ಕೆಂಪು ನಟ್ಟುಗಳು

"ಲಾರಿ ಒಯ್ಯಲಾಕ ಬಂದಾರ. ಹೊರಗಿದ್ದವರಿಗೆ ಹೇಳು" ಎಂದಳು ಸುಂದರಬಾಯಿ, ಸೊಸೆಗೆ.

ಹೊರಗಿದ್ದವರೆಂದರೆ ಸುಂದರಬಾಯಿಯ ಗಂಡ ವೈಜಿನಾಥ. ದಸರೆಯಿಂದೀಚೆಗೆ ಆ ಮನೆಯಲ್ಲಿ ಗಂಡನಿಗೆ ಹೇಳಬೇಕಾದದ್ದೆಲ್ಲ ಸೊಸೆ ಸುವರ್ಣಾಳ ಬಾಯಿಂದಲೇ ಹೋಗುತ್ತಿತ್ತು.

ನೌಬಾದದ ಆ ಅಂಗಳದಲ್ಲಿದ್ದದ್ದು ಹಳೆಯ ಮಿಲಿಟರಿ ಲಾರಿ. ಸೈನ್ಯದವರು ಹರಾಜಿಗಿಟ್ಟದ್ದನ್ನು ವೈಜಿನಾಥ ಆಸೆಪಟ್ಟು ತಂದಿದ್ದ. ರಜೆ ಸಿಕ್ಕಾಗಲೆಲ್ಲ ಅವನೂ ಮಗ ಅಮಿತಕುಮಾರನೂ ಅದರ ಎಂಜಿನ್ ಬಿಚ್ಚಿ ಕಟ್ಟಿದರು, ಹೊಸ ಬ್ರೇಕು ಕೂಡಿಸಿದರು, ಮೊಂಡು ಎತ್ತಿನಂಥ ಸ್ಟೇರಿಂಗನ್ನು ಹಗುರ ಮಾಡಿದರು. ಬಾಡಿಗೆಗಲ್ಲ, ಬರೀ ಖುಷಿಗೆ. ಹೆಚ್ಚು ಮಾತಾಡದ ಅಪ್ಪ ಮಗನಿಗೆ ಅದೇ ಮಾತುಕತೆಯಾಗಿತ್ತು.

ಆ ಲಾರಿಯ ಚಕ್ರ ಎರಡು ಹೋಳಿನದು. ಹೋಳುಗಳನ್ನು ಬಿಗಿದ ನಟ್ಟುಗಳಿಗೆ ಕೆಂಪು ಬಣ್ಣವಿರುತ್ತದೆ. ಟೈರಿನ ಗಾಳಿ ಬಿಡದೆ ಅವನ್ನು ಸಡಿಲಿಸಬಾರದು. ದಸರೆಯ ಪೂಜೆಗೆ ಚಂದ ಕಾಣಲೆಂದು ಇಡೀ ಚಕ್ರಕ್ಕೆ ಹಸಿರು ಬಳಿಯಲಾಗಿತ್ತು. ಬಣ್ಣ ನೋಡಿಯೇ ನಟ್ಟಿಗೆ ಪಾನಾ ಹಾಕಿ ತಿರುವುವ ರೂಢಿ ಅಮಿತನದು. ಹಸಿರು ಕಂಡು, ಚಕ್ರ ಕಳಚುವ ನಟ್ಟೆಂದು ಹೋಳಿನ ನಟ್ಟನ್ನೇ ಬಿಚ್ಚಿದ... ಚಕ್ರ ಸಿಡಿಯಿತು. ಬಲಗೈ ಮಣಿಕಟ್ಟಿನವರೆಗೆ ಹೋಯಿತು.

"ನಾನೇ ಬಣ್ಣ ಹಚ್ಚಿದೆ" ಎಂದಿದ್ದ ವೈಜಿನಾಥ, ದವಾಖಾನೆಯ ಬಾಗಿಲಲ್ಲಿ.

"ಮಗನ ಕೈ ತಿಂದ್ರಿ" ಎಂದಿದ್ದಳು ಸುಂದರಬಾಯಿ. ಗಂಡನಿಗೆ ಅವಳಾಡಿದ ಕೊನೆಯ ಮಾತು ಅದು.

ಲಾರಿ ಕೊಂಡ ಭಾಲ್ಕಿಯ ಅಬ್ದುಲ ಸಮದನಿಗೂ ಇದೇ ಹುಚ್ಚು. "ಲಾರಿ ಮನಿಗಿ ಬಂದ್ರ ನಾ ತವರಿಗಿ ಅಂದಾಳ್ರಿ ನಮ್ಮ ಬೇಗಂ. ಹಂಗಾದ್ರ ಇದರಾಗೇ ಬಿಟ್ಟು ಬರ್ತೇನಿ ಅಂದೆ" ಎಂದು ನಕ್ಕ. ಚಕ್ರ ಸವರಿ, "ಬಣ್ಣ ಭಾಳ ಚಂದ ಹಚ್ಚೀರಿ" ಎಂದ.

ಸುವರ್ಣಾ ಒಳಗೆ ಹೋಗಿ ಕೆಂಪು ಬಣ್ಣದ ಡಬ್ಬಿ, ಬ್ರಶ್ಶು ತಂದಳು. ಚಕ್ರದ ಮುಂದೆ ಕುಳಿತಳು.

"ಬಿಡವ್ವಾ, ನಾ ಹಚ್ಚತೀನಿ" ಎಂದ ವೈಜಿನಾಥ.

"ಬ್ಯಾಡ್ರಿ ಮಾವ. ಹಸಿರು ಹಚ್ಚಿದ್ದು ಈ ಕೈನೇ." ಅವಳು ಅತ್ತೆ ನಿಂತಿದ್ದ ಬಾಗಿಲತ್ತ ತಿರುಗಿದಳು. "ಅತ್ತಿ... ಮಾವ ಸುಳ್ಳು ಹೇಳ್ಯಾರ್ರಿ."

ಕಟ್ಟೆಯ ಮೇಲಿದ್ದ ಅಮಿತ ತಲೆ ಎತ್ತಿದ.

"ಗೊತ್ತದ" ಎಂದಳು ಸುಂದರಬಾಯಿ. "ಅವತ್ತ ನಿನ್ನ ಕೈಯಾನ ಬಳಿಗೆ ಹಸಿರು ಬಣ್ಣ ಮೆತ್ತಿತ್ತು."

"ಮತ್ತ ಮಾವಗ ಯಾಕ್ರಿ..."

"ಯಾರಿಗರೆ ಅನ್ನಬೇಕಾಗಿತ್ತು. ನನ್ನ ಮಗನ ಕೈ ಅದು... ನಿನಗ ಅಂದಿದ್ರ ನೀ ಈ ಮನ್ಯಾಗ ಉಳಿತಿದ್ದಿಲ್ಲ. ಅವರಿಗಂದ್ರ ಅವರೆಲ್ಲಿ ಹೋಗ್ತಾರ?"

ಸುವರ್ಣಾಳ ಬ್ರಶ್ಶಿನಿಂದ ಕೆಂಪು ಬಣ್ಣ ಮಣ್ಣಿಗೆ ತೊಟ್ಟಿಕ್ಕಿತು. ಸುಂದರಬಾಯಿ ಗಂಡನತ್ತ ನೋಡಿದಳು.

"ಆ ಕಡಿ ಚಕ್ರ ಉಳಿದಾವ. ನಿಂತು ಏನ್ ನೋಡ್ತೀರಿ? ಒಯ್ಯೋರ ಮನ್ಯಾಗೂ ಮಕ್ಕಳಿರ್ತಾವ."

ವೈಜಿನಾಥ ಕುಳಿತ. ಕಣ್ಣು ಮಂಜಾಗಿ ಬಣ್ಣ ನಟ್ಟು ದಾಟಿ ಹರಿಯಿತು. ಅಮಿತ ಮೆಲ್ಲಗೆ ಇಳಿದು ಬಂದು, ಅಪ್ಪನ ಪಕ್ಕ ಕುಳಿತು, ಅರಿವೆ ಹಿಡಿದ ಎಡಗೈಯಿಂದ ಅದನ್ನು ಒರೆಸಿದ. ಹೆಂಡತಿಯ ಕಡೆ ಮಾತ್ರ ಅವನು ಇನ್ನೂ ನೋಡಿರಲಿಲ್ಲ.