ಖಾಲಿ ಊರಿನ ಬೀಸುವ ಕಲ್ಲು

ಖಾಲಿ ಊರಿನಲ್ಲಿ ಯಾರೋ ರಾಗಿ ಬೀಸುತ್ತಿದ್ದರು.

ನಾಥಿ ಓಣಿಯ ನಡುವೆ ನಿಂತುಬಿಟ್ಟಳು. ಕಂಕುಳಲ್ಲಿದ್ದ ಚಾಪೆ ಜಾರಿತು. ಪ್ಲೇಗಿಗೆ ಹೆದರಿ ಜನರೆಲ್ಲ ಊರು ಬಿಟ್ಟು, ದೂರದ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇಲ್ಲಿ ಒಂದು ನಾಯಿಯೂ ಇರಲಿಲ್ಲ. ಮಟಮಟ ಮಧ್ಯಾಹ್ನ. ಹೆದರಿದವರ ಮೇಲೆ ಹಾವು ಎಸೆದ ಹಾಗೆ, ಯಾರದೋ ಮನೆಯ ಬಾಗಿಲು ತಾನಾಗಿಯೇ ಕಿರ್ ಎಂದಿತು.

ಗರ್... ಗರ್... ಸದ್ದು ಬರುತ್ತಿದ್ದದ್ದು ನಾಥಿಯ ಮನೆಯಿಂದಲೇ. ಅದು ಅವ್ವನ ಕಲ್ಲು. ದಿನಾ ಆ ಸದ್ದಿಗೇ ಅವಳು ಏಳುತ್ತಿದ್ದಳು. ಆದರೆ ಅವ್ವ ಸತ್ತು ಇಪ್ಪತ್ತು ದಿನವಾಗಿತ್ತಲ್ಲ!

ಓಡಿಹೋಗಬೇಕು ಅನ್ನಿಸಿತು. ಆದರೂ ಕಾಲುಗಳು ಮುಂದೆ ಹೋದವು. ಅವ್ವನ ಹತ್ತಿರ ಹೋಗುವುದಕ್ಕೇ ಅವಳು ಬಂದದ್ದು. ಅವ್ವ ಕೊನೆಗೆ ಮಲಗಿದ್ದ ಜಾಗದಲ್ಲಿ ತಾನೂ ಮಲಗಿದರೆ ಪ್ಲೇಗು ತನ್ನನ್ನೂ ಕರೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದಳು.

ಜಗಲಿಯ ಮೇಲೆ ಒಬ್ಬ ಹೆಂಗಸು ಬೆನ್ನು ಮಾಡಿ ಕೂತಿದ್ದಳು. ತಲೆ ತುಂಬ ಸೆರಗು.

"ಅವ್ವಾ?"

ಕಲ್ಲು ನಿಂತಿತು. ಹೆಂಗಸು ನಿಧಾನವಾಗಿ ತಿರುಗಿದಳು. ಪಕ್ಕದ ಮನೆಯ ಬೊಮ್ಮಕ್ಕ! ನಾಥಿ ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು.

"ಲೇ ನಾಥಿ, ಒಳಗೆ ಹೋಗಬ್ಯಾಡ! ಗುಡ್ಲಾಗೆ ಕಲ್ಲಿಲ್ಲ, ಅದ್ಕೆ ಇದನ್ನ ಹೊರಗೆ ಎಳಕಂಡು ಬೀಸ್ತಿದೀನಿ." ಬೊಮ್ಮಕ್ಕ ಚಾಪೆಯನ್ನು ನೋಡಿದಳು. "ಇದ್ಯಾಕೆ ತಂದೆ ಮಗಾ?"

ನಾಥಿ ಚಾಪೆಯನ್ನು ಎದೆಗೆ ಅವುಚಿಕೊಂಡಳು.

"ಸಾಯಬೇಕು ಅನ್ನಿಸ್ತೈತಾ?"

ಇಷ್ಟು ದಿನ ಯಾರೂ ಹೀಗೆ ಕೇಳಿರಲಿಲ್ಲ. ನಾಥಿಗೆ ಅಳು ಒತ್ತರಿಸಿ ಬಂತು.

"ನನ್ನಿಂದ್ಲೇ ಅವ್ವ ಹೋಗಿದ್ದು, ದೊಡ್ಡವ್ವ. ಹಿತ್ತಲಾಗೆ ಇಲಿ ಸತ್ತು ಬಿದ್ದಿತ್ತು. ಹೇಳಿದ್ರೆ ಪ್ಲೇಗು ಬಂತು ಅಂತ ಊರು ಬಿಡಬೇಕಿತ್ತು, ಸ್ಕೂಲು ಮುಚ್ತಿದ್ರು. ಸ್ಕೂಲು ನೋಡಾಕೆ ಬರೋ ಇನ್‌ಸ್ಪೆಕ್ಟರ ಮುಂದೆ ನಾನು ಪದ್ಯ ಹೇಳಬೇಕಿತ್ತು. ಅದ್ಕೆ ಬೂದಿ ಹಾಕಿ ಮುಚ್ಚಿಟ್ಟೆ..."

ಬೊಮ್ಮಕ್ಕ ಬೈಯಲಿಲ್ಲ. ತಲೆ ತಗ್ಗಿಸಿದಳು.

"ಅದಕ್ಕೂ ಮುಂಚೆ ನಮ್ಮ ಕಣದಾಗೆ ನಾಕು ಇಲಿ ಬಿದ್ದಿದ್ವು. ಕುಯ್ಲು ಮುಗೀಲಿ ಅಂತ ದೊಡ್ಡೋರೇ ಬಾಯಿ ಮುಚ್ಕಂಡಿದ್ವಿ. ನಾನೂ ಒಬ್ಳು. ನೀನೊಬ್ಳೇ ಹೆಂಗೆ ಹೊತ್ಕಂತೀಯಾ?"

ನಾಥಿ ಕಣ್ಣೊರೆಸಿಕೊಂಡು ನೋಡಿದಳು.

"ಹೋದ ಸಲದ ಪ್ಲೇಗಿಗೆ ನನ್ನ ಮಗ ಹೋದಾಗ ನಂಗೂ ಸಾಯಬೇಕು ಅನ್ನಿಸಿತ್ತು. ನಿಮ್ಮವ್ವಂಗೆ ಹೇಳ್ದೆ. ದಿನಾ ಈ ಕಲ್ಲಿನ ಮುಂದೆ ಕುಂಡ್ರಿಸ್ಕಂಡ್ಲು. ಒಂದೊಂದಿನ ಕಾಳೇ ಇರ್ತಿರ್ಲಿಲ್ಲ. ಇಬ್ರೂ ಬರೀ ಕಲ್ಲು ತಿರುಗಿಸ್ತಿದ್ವಿ."

"ಆಮೇಲೆ ಸಾಯಬೇಕು ಅನ್ನೋದು ಹೋಯ್ತಾ?"

"ಒಂದೇ ದಿನಕ್ಕೆ ಹೋಗ್ಲಿಲ್ಲ. ಬಂದಾಗೆಲ್ಲ ಅವ್ಳಿಗೆ ಹೇಳ್ತಿದ್ದೆ. ಬರ್ತಾ ಬರ್ತಾ ಕಮ್ಮಿ ಆತು. ನೀನೂ ಹಂಗೇ ನಂಗೆ ಹೇಳು. ನಿಮ್ಮಪ್ಪಂಗೆ ಇವತ್ತೇ ಹೇಳಾಣ, ನಾನೂ ಬರ್ತೀನಿ. ರಾತ್ರಿ ನನ್ನ ಪಕ್ಕದಾಗೆ ಮಲಗು."

ಬೊಮ್ಮಕ್ಕ ಚಾಪೆಯನ್ನು ಇಸಿದುಕೊಂಡು ಕಲ್ಲಿನ ಆಚೆ ಬದಿಗೆ ಹಾಸಿದಳು. ನಾಥಿ ಅದರ ಮೇಲೆ ಕೂತು ಗೂಟ ಹಿಡಿದಳು. ಕಲ್ಲು ಅಲ್ಲಾಡಲಿಲ್ಲ. ಬೊಮ್ಮಕ್ಕನ ಒರಟು ಕೈ ಅವಳ ಕೈ ಮೇಲೆ ಕೂತಿತು. ಕಲ್ಲು ತಿರುಗಿತು. ಗರ್... ಗರ್...

ಓಣಿಯಲ್ಲಿ ಆ ಬಾಗಿಲು ಮತ್ತೆ ಕಿರ್ ಎಂದಿತು. ನಾಥಿ ತಿರುಗಿ ನೋಡಲಿಲ್ಲ. ಕಲ್ಲಿನ ಸುತ್ತ ಉದುರುತ್ತಿದ್ದ ಹಿಟ್ಟನ್ನೇ ನೋಡುತ್ತಿದ್ದಳು.

"ದೊಡ್ಡವ್ವ," ಎಂದಳು ಕಲ್ಲು ತಿರುಗಿಸುತ್ತಲೇ, "ನಾಳೆ ಏನು ಬೀಸಾಣ?"