ಟೈಲರ್ ಮಾಮನ ಸ್ಕೂಟರ್ ಮೇಲೆ ಬರೆದದ್ದು

"ಗೀರಿದ್ದಲ್ದೆ ಸಹಿ ಬೇರೆ ಹಾಕಿದೀಯಲ್ಲೇ!" ಎಂದರು ಟೈಲರ್ ಮಾಮ.

ಕೆಳಗಿನ ಮನೆಯ ಟೈಲರ್ ಮಾಮ ಸ್ಕೂಟರ್ ಕೊಂಡು ಇನ್ನೂ ವಾರವಾಗಿರಲಿಲ್ಲ. ಅದರ ಕೆಂಪು ಮೈಮೇಲೆ ಯಾರೋ ಮೊಳೆಯಿಂದ ‘ಅಕ್ಕ’ ಎಂದು ಗೀರಿದ್ದರು. ಆ ಕಟ್ಟಡದಲ್ಲಿ ಅಕ್ಕ ಎಂದರೆ ಒಬ್ಬಳೇ. ತಮ್ಮ ಕರೆದೂ ಕರೆದೂ ಈಗ ಮುದುಕರೂ ಅವಳನ್ನು ಹಾಗೇ ಕರೆಯುತ್ತಿದ್ದರು.

ಗೀರು ನೋಡಿದ್ದೇ ತಡ, ಅದು ಯಾರ ಕೆಲಸವೆಂದು ಅಕ್ಕನಿಗೆ ಗೊತ್ತಾಯಿತು.

ಇಂಗ್ಲಿಷ್ ಮಿಸ್ ಒಬ್ಬೊಬ್ಬರಿಗೆ ಒಂದೊಂದು ಕ್ರಿಯಾಪದ ಹಂಚಿ, ಅದು ಎಲ್ಲಿಂದ ಬಂತೆಂದು ಹುಡುಕಿ ತರಲು ಹೇಳಿದ್ದರು. ಅಕ್ಕನ ಪಾಲಿಗೆ ಬಂದದ್ದು ‘ರೈಟ್’, ಅಂದರೆ ಬರೆಯುವುದು. ನಿನ್ನೆ ಅವಳು ತಮ್ಮನಿಗೆ ಓದಿ ಹೇಳಿದ್ದಳು. "ತುಂಬಾ ಹಿಂದೆ ರೈಟ್ ಅಂದ್ರೆ ಗೀರೋದು, ಕೊರೆಯೋದು ಅಂತ ಅರ್ಥ ಇತ್ತಂತೆ ಕಣೋ."

"ಆಗ ಪೆನ್ಸಿಲ್ ಇರ್ಲಿಲ್ವಾ?"

"ಇರ್ಲಿಲ್ಲ."

"ಒಳ್ಳೇದಾಯ್ತು," ಎಂದು ತಮ್ಮ ಎದ್ದು ಹೋಗಿದ್ದ.

ಮೊಟ್ಟಮೊದಲು ಗೀರಿದವರು ಏನು ಬರೆದಿರಬಹುದು, ಊಹಿಸಿ ಎಂಬುದು ಮಿಸ್ ಕೊಟ್ಟ ಕೊನೆಯ ಪ್ರಶ್ನೆ. ಅಕ್ಕ ‘ರಾಜನ ಹೆಸರು’ ಎಂದು ಬರೆದು ಮುಗಿಸಿದ್ದಳು.

ತಮ್ಮನಿಗೂ ಪೆನ್ಸಿಲಿಗೂ ಎಣ್ಣೆ ಸೀಗೆಕಾಯಿ. ಕ್ಲಾಸಿನಲ್ಲಿ ಅವನ ಹಾಳೆ ಯಾವತ್ತೂ ಖಾಲಿ. ಹೀಗೇ ಆದರೆ ಎರಡನೇ ಕ್ಲಾಸಿಗೆ ಕಳಿಸುವುದಿಲ್ಲ ಎಂದು ಅವನ ಮಿಸ್ ಹೇಳಿಬಿಟ್ಟಿದ್ದರು. ಅಮ್ಮ ದಿನಾ ಬೇಡುತ್ತಿದ್ದಳು, ಅವನು ದಿನಾ ಪೆನ್ಸಿಲ್ ಕಚ್ಚುತ್ತಿದ್ದ.

ಈಗ ಎಲ್ಲರೂ ಸೇರಿ ಬೈದರೆ ಅವನು ಮತ್ತೆಂದೂ ಬರೆಯಲಾರ. ಅಕ್ಕನಿಗೆ ಅದೇ ಭಯ.

"ನಾನೇ ಗೀರಿದ್ದು, ಮಾಮ," ಎಂದಳು.

"ದೊಡ್ಡವಳು ನೀನು! ಬುದ್ಧಿ ಹುಲ್ಲು ಮೇಯೋಕೆ ಹೋಗಿತ್ತಾ?" ಎಂದು ಅಮ್ಮ ಹಣೆ ಚಚ್ಚಿಕೊಂಡಳು.

ಮೆಟ್ಟಿಲ ಮೇಲೆ ಕೂತಿದ್ದ ತಮ್ಮ ತಟ್ಟನೆ ಎದ್ದ. ಅವನಿಗೆ ವಿಪರೀತ ಅವಮಾನವಾಗಿತ್ತು.

"ಸುಳ್ಳು! ನಾನು ಬರೆದಿದ್ದು! ಅಕ್ಕ ಏನೂ ಬರೆದಿಲ್ಲ!"

"ನಿಂಗೆ ಬರೆಯೋಕೇ ಬರಲ್ವಲ್ಲೋ," ಎಂದಳು ಅಮ್ಮ.

ತಮ್ಮ ವಾದ ಮಾಡಲಿಲ್ಲ. ಜೇಬಿನಿಂದ ಮೊಳೆ ತೆಗೆದು ಸ್ಕೂಟರಿನ ಇನ್ನೊಂದು ಮಗ್ಗುಲಿಗೆ ಹೊರಟ.

"ಬೇಡ ಬೇಡಪ್ಪಾ, ನಂಬಿದೆ!" ಟೈಲರ್ ಮಾಮ ಅಡ್ಡ ಬಂದು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸನ್ನು ಅವನ ಕೈಗೆ ತುರುಕಿದರು. "ತಗೋ, ನೆಲದ ಮೇಲೆ ಬರಿ."

ತಮ್ಮ ಕುಕ್ಕರಗಾಲಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು ಬರೆದ. ಅಕ್ಕ. ಒತ್ತೂ ಇತ್ತು.

ಅಮ್ಮನ ಕಣ್ಣು ತುಂಬಿ ಬಂದಿತ್ತು.

"ಒತ್ತು ಸರಿಯಾಗಿದೆ," ಎಂದರು ಟೈಲರ್ ಮಾಮ ದುಃಖದಿಂದ. "ಸ್ಕೂಟರ್ ಮೇಲೂ ಸರಿಯಾಗೇ ಇದೆ."

"ಪೇಂಟ್ ಮಾಡಿಸಿಕೊಡ್ತೀನಿ ಅಣ್ಣ," ಎಂದಳು ಅಮ್ಮ. "ಆದ್ರೆ ನಾಳೆ ಬೇಡ, ನಾಡಿದ್ದು. ನಾಳೆ ಇವನ ಮಿಸ್‌ಗೆ ಸ್ಕೂಟರ್ ತೋರಿಸ್ಬೇಕು."

ಅಕ್ಕ ತಮ್ಮನ ಪಕ್ಕ ಕೂತಳು. "ಅ ಆ ಬರಿ ಅಂದ್ರೆ ಬರೆಯಲ್ಲ. ಇದನ್ನ ಯಾಕೋ ಬರೆದೆ?"

"ನೀನಿನ್ನೂ ಸ್ಕೂಲಿಂದ ಬಂದಿರ್ಲಿಲ್ಲ," ಎಂದ ತಮ್ಮ. "ಕರೆದೆ, ಕೇಳಿಸ್ಲಿಲ್ಲ. ಅದಕ್ಕೇ ಬರೆದೆ."

ಅಕ್ಕ ಸ್ವಲ್ಪ ಹೊತ್ತು ಆ ನೀಲಿ ಅಕ್ಷರಗಳನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಹೋಂವರ್ಕಿನ ಕೊನೆಯ ಪ್ರಶ್ನೆ ತೆಗೆದಳು. ರಬ್ಬರ್ ಹುಡುಕಿ, ರಾಜನನ್ನು ಅಳಿಸಿದಳು.