ಒಳಮೈ

೨೦೫೮ರ ಫೆಬ್ರುವರಿ ೯, ಶನಿವಾರ, ರಾತ್ರಿ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಭರಮ್ಯಾ ತನ್ನ ಎಡಗೈಯ ಎರಡು ಬೆರಳುಗಳನ್ನು ಎದುರಾಳಿಯ ಎದೆಯ ಮೇಲೆ ಇಟ್ಟು ಅಳೆದ. ಬೆರಳು ಮುಗಿದ ಕಡೆ ಚಾಕು ಇಳಿಸಿದ. ಆ ಕ್ಷಣಕ್ಕೆ ಎದುರಾಳಿಯ ಚರ್ಮ ಗಾಜಿನಂತೆ ತಿಳಿಯಾಯಿತು. ಅಲಗು ಪಕ್ಕೆಲುಬುಗಳ ನಡುವೆ ಜಾರಿ, ಹೃದಯದ ಪೊರೆಯನ್ನು ಸೀಳಿ ಒಳಹೊಕ್ಕದ್ದು ನಿಧಾನವಾಗಿ, ಎಳೆಎಳೆಯಾಗಿ ಕಂಡಿತು. ಪ್ರತಿ ಬಡಿತಕ್ಕೂ ನೆತ್ತರು ಪೊರೆಯೊಳಗೆ ತುಂಬಿಕೊಂಡು ಹೃದಯವನ್ನೇ ಹಿಸುಕಿತು. ಆತ ಕೂಗಲಿಲ್ಲ. ಏನೋ ಮರೆತವನಂತೆ ಮುಖ ಮಾಡಿಕೊಂಡು ಮೊಣಕಾಲೂರಿದ.

ಹುಬ್ಬಳ್ಳಿಯ ವಿದ್ಯಾನಗರದ ತನ್ನ ಮನೆಯಲ್ಲಿ ಡಾ. ಇಂದುಮತಿ ಸವಣೂರ ಇದನ್ನು ನೋಡಿ ತಲೆಯಾಡಿಸಿದಳು. ಸರಿಯಾಗಿತ್ತು. ಹೋದ ವಾರ ಪೊರೆ ಸ್ವಲ್ಪ ಬೇಗ ಹರಿದಿತ್ತು. ಈ ವಾರ ಅದರ ಬಿಗುವು ತಿದ್ದಿದ್ದಳು.

ಭರಮ್ಯಾ ಮನುಷ್ಯನಲ್ಲ, ಚಿತ್ರ. ರಾತ್ರಿ ಹನ್ನೊಂದರ ನಂತರ, ವಯಸ್ಕರಿಗೆ ಮಾತ್ರ ಎಂಬ ಎಚ್ಚರಿಕೆಯೊಂದಿಗೆ ಬರುತ್ತಿದ್ದ ‘ಕೆಂಪುಕೇರಿ’ ಎಂಬ ಅನಿಮೇಶನ್ ಧಾರಾವಾಹಿಯ ನಾಯಕ. ಎರಡು ಗುಂಪುಗಳು ಒಂದು ಕೇರಿಗಾಗಿ ಕಡಿದಾಡುವುದಷ್ಟೇ ಅದರ ಕತೆ. ಆದರೆ ಅದಕ್ಕಿದ್ದಷ್ಟು ನೋಡುಗರು ಆ ಹೊತ್ತಿನ ಬೇರಾವ ಕಾರ್ಯಕ್ರಮಕ್ಕೂ ಇರಲಿಲ್ಲ, ಮತ್ತು ಅದಕ್ಕೆ ಕಾರಣ ಇಂದುಮತಿಯ ‘ಒಳಮೈ’.

ಮಾಮೂಲಿ ಅನಿಮೇಶನ್ನಿನಲ್ಲಿ ಹೊಡೆತವನ್ನೂ ಅದರ ಫಲವನ್ನೂ ಕಲಾವಿದನೇ ಬರೆಯುತ್ತಾನೆ. ಒಳಮೈಯಲ್ಲಿ ಹಾಗಲ್ಲ. ಪ್ರತಿ ಪಾತ್ರದ ಚರ್ಮದ ಕೆಳಗೆ ಮೂಳೆ, ಸ್ನಾಯು, ರಕ್ತನಾಳ, ಕರುಳು ಎಲ್ಲವೂ ತಮ್ಮ ತಮ್ಮ ತೂಕ, ಗಡಸು, ಜಿಗುಟುಗಳೊಂದಿಗೆ ಗಣಿತದ ರೂಪದಲ್ಲಿ ಕೂತಿರುತ್ತವೆ. ಕಲಾವಿದ ಕೊಡುವುದು ಹೊಡೆತವನ್ನು ಮಾತ್ರ. ಏನು ಮುರಿಯಬೇಕು, ಎಷ್ಟು ಹರಿಯಬೇಕು ಎಂಬುದನ್ನು ಲೆಕ್ಕವೇ ತೀರ್ಮಾನಿಸುತ್ತದೆ. ಹೆಣ ಸಿಗದ ವೈದ್ಯಕೀಯ ಕಾಲೇಜುಗಳಿಗೆಂದು ಇಂದುಮತಿ ಹನ್ನೆರಡು ವರ್ಷ ಕೂತು ಮಾಡಿದ್ದು ಅದು.

ಅದನ್ನು ಟೀವಿಯವರು ಕೇಳಿಕೊಂಡು ಬಂದಿರಲಿಲ್ಲ. ಇವಳೇ ಹೋದದ್ದು. ಮೂರು ವರ್ಷದ ಹಿಂದೆ ನಿದ್ದೆ ಬಾರದೆ ಟೀವಿ ಹಚ್ಚಿದಾಗ ‘ಕೆಂಪುಕೇರಿ’ಯ ಹಳೆಯ ಕಂತೊಂದರಲ್ಲಿ ಪಿತ್ತಕೋಶ ಇರಬೇಕಾದ ಕಡೆ, ಹೊಟ್ಟೆಯ ಎಡಗಡೆ ಇರಬೇಕಾದ ಗುಲ್ಮ ಕಂಡಿತು. ಕೊಲೆ ಅವಳನ್ನು ಕೆಡಿಸಲಿಲ್ಲ, ತಪ್ಪು ಕೆಡಿಸಿತು. ಬೆಳಗಾಗುವುದರೊಳಗೆ ಏಳು ಪುಟ ತಿದ್ದುಪಡಿ ಬರೆದು ವಾಹಿನಿಗೆ ಕಳಿಸಿದಳು. ಮರುದಿನ ನಿರ್ಮಾಪಕ ವಿರೂಪಾಕ್ಷ ಕೆರೂರ ಖುದ್ದಾಗಿ ಅವಳ ಪ್ರಯೋಗಾಲಯಕ್ಕೆ ಬಂದು, ಒಳಮೈಯನ್ನು ಒಂದು ತಾಸು ಬಾಯಿ ಬಿಟ್ಟುಕೊಂಡು ನೋಡಿದ. ಅಂದಿನಿಂದ ಪ್ರತಿ ಕಂತಿನ ಹೊಡೆತಗಳೂ ಪ್ರಸಾರಕ್ಕೆ ಮುಂಚೆ ಅವಳ ತಪಾಸಣೆಗೆ ಬರುತ್ತಿದ್ದವು. ಬೆರಳಿಟ್ಟು ಅಳೆಯುವ ಭರಮ್ಯಾನ ಗತ್ತು ಕೂಡ ಅವಳದೇ ಸಲಹೆ. ವಿದ್ಯಾರ್ಥಿಗಳಿಗೆ ಅಂಗಗಳ ಜಾಗ ಗುರುತಿಸಲು ಅವಳು ಹಾಗೆಯೇ ಕಲಿಸುತ್ತಿದ್ದಳು. ಈಗ ಚಹಾದಂಗಡಿಗಳಲ್ಲಿ ಗಂಡಸರು ತಮಾಷೆಗೆ ಒಬ್ಬರೆದೆಯ ಮೇಲೊಬ್ಬರು ಎರಡು ಬೆರಳಿಟ್ಟು ನಗುತ್ತಿದ್ದರು.

ಸೋಮವಾರ ಡಾ. ಜುಬೇದಾ ನದಾಫ್ ಅವಳನ್ನು ಆಸ್ಪತ್ರೆಗೆ ಕರೆಸಿದಳು. ಇಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಬೆಳೆದವರು. ಜುಬೇದಾ ಈಗ ಊರಿನ ದೊಡ್ಡಾಸ್ಪತ್ರೆಯಲ್ಲಿ ಗಾಯಾಳುಗಳ ವಿಭಾಗದ ಮುಖ್ಯ ಸರ್ಜನ್. ಪರದೆಯ ಮೇಲೆ ಸ್ಕ್ಯಾನ್‌ಗಳನ್ನು ಒಂದರ ಪಕ್ಕ ಒಂದು ಹರಡಿದಳು. ಎಲ್ಲವೂ ಸತ್ತವರವು. ಎಲ್ಲ ಗಾಯವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿತ್ತು.

ಮೊದಲು ಹೀಗಿರಲಿಲ್ಲ ಎಂದು ವಿವರಿಸಿದಳು. ಕುಡಿದು ಇರಿದುಕೊಂಡವರು, ಹೊಲದ ಬದುವಿಗಾಗಿ ಇರಿದುಕೊಂಡವರು, ಮನೆಯೊಳಗೇ ಇರಿದುಕೊಂಡವರು, ಎಲ್ಲರೂ ಕೈಗೆ ಸಿಕ್ಕಲ್ಲಿ ಚುಚ್ಚುತ್ತಿದ್ದರು: ತೊಡೆ, ಭುಜ, ಹೊಟ್ಟೆಯ ಕೊಬ್ಬು. ಬಹಳ ಮಂದಿಯನ್ನು ಹೊಲಿದು ಮನೆಗೆ ಕಳಿಸಬಹುದಿತ್ತು. ಈಗ ಬರುವವರಿಗೆ ಒಂದೇ ಗಾಯ, ಮತ್ತು ಅವರು ಆಪರೇಷನ್ ಮೇಜಿನ ತನಕವೂ ಬರುವುದಿಲ್ಲ.

“ನಿನ್ನ ಪಾಠ ಛಲೋ ಕಲತಾರ ನೋಡ, ಇಂದೂ,” ಎಂದಳು ಜುಬೇದಾ. “ನಮ್ಮ ಹುಡುಗೂರಕಿಂತ ಛಲೋ.”

ಇಂದುಮತಿ ನೇರ ಗೋಕುಲ ರಸ್ತೆಯ ಸ್ಟುಡಿಯೋಕ್ಕೆ ಹೋದಳು. ವಿರೂಪಾಕ್ಷ ಕೆಟ್ಟ ಮನುಷ್ಯನಲ್ಲ. ಪೂರ್ತಿ ಕೇಳಿಸಿಕೊಂಡ.

“ಟೀವಿ ನೋಡಿ ಇರಿಯೂದು ಕಲೀತಾರೇನ್ರಿ ಮೇಡಂ? ಟೀವಿಕಿಂತ ಮೊದಲೂ ಚಾಕೂ ಇತ್ತು, ಸಿಟ್ಟೂ ಇತ್ತು.”

“ಗುರಿ ಇರಲಿಲ್ರಿ,” ಎಂದಳು ಇಂದುಮತಿ.

ಹಾಗಾದರೆ ಸಾಬೀತು ಮಾಡಿ ಎಂದ ಅವನು. ನೀವು ವಿಜ್ಞಾನಿಗಳು, ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಬರುವುದಿಲ್ಲವೆಂದು ನನಗೆ ಹೇಳಿಕೊಟ್ಟವರೇ ನೀವಲ್ಲವೆ? ಮಾತು ಸರಿಯಾಗಿಯೇ ಇತ್ತು. ಅವಳು ಬಿಟ್ಟುಹೋದರೂ ಒಳಮೈ ಕರಾರಿನ ಪ್ರಕಾರ ವಾಹಿನಿಯ ಬಳಿಯೇ ಉಳಿಯುತ್ತಿತ್ತು.

ದಾರಿ ಹೊಳೆದದ್ದು ಅವನ ಮಾತಿನಿಂದಲೇ. ಅದು ಬೇಕೆಂದೇ ತಪ್ಪು ಮಾಡುವ ದಾರಿ. ಕಾಲೇಜುಗಳ ಒಳಮೈಯನ್ನು ಮುಟ್ಟದೆ, ‘ಕೆಂಪುಕೇರಿ’ಯ ಪ್ರತಿಯಲ್ಲಿ ಮಾತ್ರ ಅವಳು ಹೃದಯವನ್ನು ಅದು ಇರಬೇಕಾದ ಜಾಗದಿಂದ ಪಕ್ಕೆಯ ಕಡೆಗೆ ಸರಿಸಿದಳು. ಮೂವತ್ತೇಳು ಮಿಲಿಮೀಟರ್, ಎರಡು ಬೆರಳಿನ ಅಗಲ. ನೋಡುಗರು ನಿಜವಾಗಿ ಕಲಿಯುತ್ತಿದ್ದರೆ ಊರಿನ ಗಾಯಗಳೂ ಅಷ್ಟೇ ಸರಿಯಬೇಕು. ಸರಿದರೆ ಸಾಬೀತೂ ಆಯಿತು, ಜೀವವೂ ಉಳಿಯಿತು. ಭರಮ್ಯಾ ಮುಂದಿನ ಕಂತಿನಿಂದ ನಾಲ್ಕು ಬೆರಳು ಅಳೆಯತೊಡಗಿದ. ಅದು ಅವನ ಹೊಸ ಗತ್ತೆಂದು ನೋಡುಗರು ತಿಳಿದರು. ತಪ್ಪು ಹಿಡಿಯಬಲ್ಲ ಡಾಕ್ಟರುಗಳು ಆ ಹೊತ್ತಿಗೆ ಮಲಗಿರುತ್ತಿದ್ದರು.

ಜುಬೇದಾಳಿಗೆ ಅವಳು ಏನೂ ಹೇಳಲಿಲ್ಲ. ಅಳೆಯುವವರಿಗೆ ಏನು ಬರಬೇಕೆಂದು ಗೊತ್ತಿದ್ದರೆ ಅಳತೆ ಅತ್ತಲೇ ವಾಲುತ್ತದೆ. ಪ್ರತಿ ಗಾಯದ ಜಾಗವನ್ನು ಅಳೆದು ಕಳಿಸು ಎಂದಷ್ಟೇ ಕೇಳಿಕೊಂಡಳು.

ಮಳೆಗಾಲ ಕಳೆಯುವ ಹೊತ್ತಿಗೆ ಗಾಯಗಳು ಸರಿಯತೊಡಗಿದವು. ಅಲಗು ಶ್ವಾಸಕೋಶದ ಅಂಚಿಗೆ ಹೋಗುತ್ತಿತ್ತು; ನೆತ್ತರು ಕಾರುತ್ತ ಬಂದವರು ಉಳಿಯುತ್ತಿದ್ದರು. ಯಾಕೋ ಗೊತ್ತಿಲ್ಲ, ನಮ್ಮ ನಸೀಬು ತೆರೆಯಿತು ಎಂದು ಜುಬೇದಾ ಫೋನಿನಲ್ಲಿ ನಕ್ಕಳು. ಹದಿನಾಲ್ಕು ಅಳತೆಗಳು ಕೈ ಸೇರಿದ್ದವು. ಇಪ್ಪತ್ತಾದರೆ ಯಾರೂ ಅಲ್ಲಗಳೆಯಲಾರರು ಎಂದು ಇಂದುಮತಿ ಕಾದಳು.

ನವೆಂಬರಿನ ಒಂದು ಮಧ್ಯಾಹ್ನ ಸ್ಕ್ಯಾನ್ ಒಯ್ಯಲು ಅವಳು ಆಸ್ಪತ್ರೆಗೆ ಬಂದಾಗ ಜುಬೇದಾ ವಾರ್ಡಿನ ಬಾಗಿಲಲ್ಲಿ ಒಬ್ಬನೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದಳು. ಆತ ದುರ್ಗಪ್ಪ, ಸೀರೆ ಅಂಗಡಿಯೊಂದರಲ್ಲಿ ಗಿರಾಕಿ ಹೋದಮೇಲೆ ಸೀರೆ ಮಡಚಿಡುವವನು. ಲಾರಿ ಹಾಯ್ದು ಜುಬೇದಾಳ ಚಿಕಿತ್ಸೆಯಲ್ಲಿದ್ದ ಅವನ ತಮ್ಮ ಆಗಷ್ಟೇ ತೀರಿಕೊಂಡಿದ್ದ. ದುರ್ಗಪ್ಪ ಕೂಗಾಡಲಿಲ್ಲ. ತಮ್ಮನ ಮಂಚದ ಪಕ್ಕದಲ್ಲಿದ್ದ, ಮೋಸಂಬಿ ಹೆಚ್ಚುವ ಚಾಕು ಅವನ ಬಲಗೈಯಲ್ಲಿ ಹಾಗೇ ಉಳಿದಿತ್ತು. ಅದು ಅವನಿಗೂ ನೆನಪಿದ್ದಂತೆ ಕಾಣಲಿಲ್ಲ.

“ಬೆಳಿಗ್ಗೆ ನನ್ನ ತಮ್ಮ ಮಾತಾಡಿದ್ನಲ್ರಿ ಅಕ್ಕಾರ,” ಎಂದ. ಎಂದವನು ಎಡಗೈ ಎತ್ತಿ ಜುಬೇದಾಳ ಬಿಳಿ ಕೋಟಿನ ಮೇಲೆ ಇಟ್ಟ.

ಬೇಡಿಕೊಳ್ಳುತ್ತಿದ್ದಾನೆಂದು ಎಲ್ಲರೂ ತಿಳಿದರು. ಜುಬೇದಾಳೂ ಹಾಗೇ ತಿಳಿದು ಆ ಕೈ ಹಿಡಿದುಕೊಳ್ಳಲು ಹೋದಳು. ಆ ವರಾಂಡದಲ್ಲಿ ಇಂದುಮತಿಗೊಬ್ಬಳಿಗೇ ಅದು ಏನೆಂದು ಹೊಳೆದದ್ದು. ಅವಳು ಓಡಿದಳು. ಓಡುತ್ತಲೇ ಆ ಬೆರಳುಗಳನ್ನು ಎಣಿಸುತ್ತಿದ್ದಳು, ನಾಲ್ಕೂ ಇರಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಚಾಕು ಹಿಡಿಯ ತನಕ ಇಳಿಯಿತು. ಟೀವಿಯಲ್ಲಿ ಕೇಳಿಸುವ ಸದ್ದು ಯಾವುದೂ ಇರಲಿಲ್ಲ. ಬಟ್ಟೆ ಹರಿದಂತೆ ಒಂದು, ಆಮೇಲೆ ಜುಬೇದಾಳ ಉಸಿರು ಬಾಯಿಂದಲ್ಲದೆ ಎದೆಯಿಂದ ಹೊರಬಂದ ಬುಸುಬುಸು. ಅವಳು ಗೋಡೆಗೆ ಒರಗಿ ಕುಸಿಯುತ್ತ, ಚಾಕು ಕೀಳಬೇಡಿರೆಂದು ಕೈಸನ್ನೆ ಮಾಡಿದಳು. ವಾರ್ಡ್‌ಬಾಯ್‌ಗಳು ದುರ್ಗಪ್ಪನನ್ನು ನೆಲಕ್ಕೆ ಕೆಡವಿ ಮುಖ ಮೂತಿ ನೋಡದೆ ಒದ್ದರು. ಅವನ ಹಲ್ಲೊಂದು ಉರುಳಿ ಇಂದುಮತಿಯ ಚಪ್ಪಲಿಗೆ ತಾಗಿ ನಿಂತಿತು. ಅವನು ಮಾತ್ರ ಜುಬೇದಾಳತ್ತಲೇ ನೋಡುತ್ತಿದ್ದ, ಅವಳು ಇನ್ನೂ ಉಸಿರಾಡುತ್ತಿರುವುದು ಹೇಗೆಂದು ತಿಳಿಯದವನಂತೆ.

ಎಡ ಶ್ವಾಸಕೋಶದ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಬದುಕುತ್ತಾಳೆ, ಆದರೆ ತಾಸುಗಟ್ಟಲೆ ನಿಂತು ಆಪರೇಷನ್ ಮಾಡುವ ಶಕ್ತಿ ಇನ್ನು ಬರುವುದಿಲ್ಲ ಎಂದರು. ಆ ವಾರವೆಲ್ಲ ಇಂದುಮತಿಗೆ ನೆನಪಾದದ್ದು ತಾನು ಚಿಕ್ಕವಳಾಗಿದ್ದ ೨೦೧೫ರ ಸುಮಾರಿನ ಟೀವಿ. ಬೆಕ್ಕಿನ ತಲೆಗೆ ಸುತ್ತಿಗೆ ಬಿದ್ದರೆ ಬುಗುಟೆ ಎದ್ದು ನಕ್ಷತ್ರ ಸುತ್ತುತ್ತಿದ್ದವು. ಹೊಟ್ಟೆಗೆ ಇರಿತ ತಿಂದ ಸಿನಿಮಾ ನಾಯಕ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಐದು ನಿಮಿಷ ಮಾತಾಡುತ್ತಿದ್ದ. ಸುಳ್ಳೆಂದು ಅಪ್ಪ ಗೇಲಿ ಮಾಡುತ್ತಿದ್ದರು, ಅವಳೂ ನಗುತ್ತಿದ್ದಳು. ಆ ಸುಳ್ಳು ಎಷ್ಟು ಜನರನ್ನು ಕಾಪಾಡಿತ್ತೆಂದು ಆಗ ಯಾರೂ ಅಳೆದಿರಲಿಲ್ಲ.

ಜುಬೇದಾ ಮಾತಾಡುವಂತಾದ ದಿನ ಇಂದುಮತಿ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ನಗಲು ಹೋದ ಜುಬೇದಾ ನೋವಿಗೆ ಹಲ್ಲು ಕಚ್ಚಿದಳು.

“ನನ್ನ ಕಡಿಂದ ಅಳತಿ ಮಾಡಿಸಿಕೊಂಡು ನನಗ ಹೇಳಲಿಲ್ಲಲಾ. ಎಂಥಾಕಿ ನೀ.”

ಈಗ ಎಲ್ಲವನ್ನೂ ಪ್ರಕಟಿಸುತ್ತೇನೆ, ಧಾರಾವಾಹಿಯನ್ನು ನಿಲ್ಲಿಸಲೇಬೇಕಾಗುತ್ತದೆ ಎಂದಳು ಇಂದುಮತಿ. ಜುಬೇದಾ ಕಣ್ಣು ಮುಚ್ಚಿ, ಒಂದೊಂದೇ ಉಸಿರಿಗೆ ಒಂದೊಂದು ಮಾತು ಹೊರಿಸಿದಳು.

“ನಿಲ್ಲಸೂದು ಯಾವಾಗೋ. ನೀ ಹೇಳಿದ ದಿನಾನ ಎಲ್ಲಾರೂ ಮತ್ತ ಎರಡ ಬೆರಳು ಎಣಸ್ತಾರ.”

ಸುಮ್ಮನಿರುವ ದಾರಿಯೂ ಆ ಬೆಳಿಗ್ಗೆಯೇ ಮುಚ್ಚಿತ್ತು. ವಿರೂಪಾಕ್ಷ ಫೋನು ಮಾಡಿದ್ದ. ಕಲಬುರಗಿಯ ಒಬ್ಬ ವೈದ್ಯ ವಿದ್ಯಾರ್ಥಿನಿ ಒಂಬತ್ತು ಪುಟ ಬರೆದು ಕಳಿಸಿದ್ದಾಳೆ, ನಿಮ್ಮ ಹೃದಯ ಜಾಗ ತಪ್ಪಿದೆಯಂತೆ, ಮುಂದಿನ ಕಂತಿಗೆ ತಿದ್ದಿಬಿಡೋಣ, ಹುಡುಗಿ ಥೇಟ್ ನಿಮ್ಮಂಥಾಕಿ ಎಂದು ಸಂತೋಷದಿಂದ ಹೇಳಿದ್ದ. ಆ ಹುಡುಗಿಯನ್ನು ಕಾಣಲು ಸಂಜೆಯ ರೈಲಿಗೆ ಹೊರಡಬೇಕೆಂದು ಇಂದುಮತಿ ಚೀಲ ಹಿಡಿದೇ ಬಂದಿದ್ದಳು. ನಿಜವನ್ನು ಬರೆಯಬೇಡವೆಂದು ಹುಡುಗಿಗೆ ಯಾವ ಬಾಯಿಂದ ಹೇಳಬೇಕೆಂಬುದು ಮಾತ್ರ ತಿಳಿದಿರಲಿಲ್ಲ.

ಅವಳು ಎದ್ದಾಗ ಜುಬೇದಾ ಸೆರಗು ಹಿಡಿದು ನಿಲ್ಲಿಸಿದಳು.

“ನಂದು ಅಳದೀಯಲಾ? ಎಷ್ಟು ತಪ್ಪಿತ್ತು?”

ಅಳೆದಿದ್ದಳು. ಆಪರೇಷನ್ನಿಗೆ ಮುಂಚಿನ ಸ್ಕ್ಯಾನನ್ನು ತಾನೇ ತರಿಸಿಕೊಂಡು ಮೂರು ಸಲ ಅಳೆದಿದ್ದಳು. ಮೂರು ಸಲವೂ ಒಂದೇ ಬಂದಿತ್ತು.

“ಮೂವತ್ತಾರು ಮಿಲಿಮೀಟರ್,” ಎಂದಳು.